ಮಂಡಿಯ ಡಿಸ್ಕೂ ಮಾವನ ಸಲಹೆಯೂ

ಮಾಲೂರು

ಚಿರಂಜೀವಿ ಪುಟ್ಟಿಗೆ,

ನಿನ್ನ ವಾಟ್ಸಾಪ್ ಸಂದೇಶ ಓದಿದೆ. ಉತ್ತರ ಉದ್ದವಿದೆ, ಫೋನಿನ ಮೇಲೆ ಬೆರಳೊತ್ತಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ.

ರೂಟರಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಮಂಡಿಯ ಲೆಕ್ಕವೆಲ್ಲ ಒಂದೇ ಕಡೆ ಸಿಗುವ ಹಾಗೆ ಮಾಡಿದ್ದೀಯಲ್ಲ, ಜಾಣೆ. ಮೇ ತಿಂಗಳಿಂದ ಜುಲೈವರೆಗೆ ಶ್ರೀನಿವಾಸಪುರದಲ್ಲಿ ಉಸಿರಾಡಲಿಕ್ಕೂ ಪುರುಸೊತ್ತಿಲ್ಲ. ಬಾದಾಮಿ, ಬೇನಿಷಾ, ತೋತಾಪುರಿ ಅಂತ ಮಾವಿನಹಣ್ಣಿನ ಲೋಡು ಇಳಿಯುತ್ತಿರುವಾಗ ಪೆನ್‌ಡ್ರೈವ್ ಹಿಡಿದು ಓಡಾಡುವುದು ಯಾರಿಗೆ ಬೇಕು? ಈಗ ನಿನ್ನ ಹೊಸ ಲ್ಯಾಪ್‌ಟಾಪಿಗೆ ಮಾತ್ರ ಡಿಸ್ಕ್ ಕಾಣುತ್ತಿಲ್ಲ. ಮುಳಬಾಗಿಲಿನ ಮಾವ ‘ಎಸ್‌ಎಂಬಿ 1 ಆನ್ ಮಾಡು, ಸರಿಹೋಗುತ್ತೆ’ ಅಂದರಂತೆ. ಬೇಡ ಕಣಮ್ಮ. ಅವರ ಮಾತು ಸುಳ್ಳಲ್ಲ, ಆನ್ ಮಾಡಿದರೆ ಕಾಣಲೂಬಹುದು. ಆದರೂ ಬೇಡ.

ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದು ತೆರೆಯುವುದಕ್ಕೆ ಇರುವ ಕ್ರಮವೇ ಎಸ್‌ಎಂಬಿ. ಅದರ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮೇ 12ರಂದು ವಾನಾಕ್ರೈ ಅನ್ನುವ ಕುತಂತ್ರಾಂಶ ಜಗತ್ತೆಲ್ಲ ಹರಡಿ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದು ನುಗ್ಗಿದ್ದು ಈ ಹಳೆಯ ಆವೃತ್ತಿಯ ಲೋಪದಿಂದಲೇ. ಮೈಕ್ರೋಸಾಫ್ಟಿನವರು ಅದಕ್ಕೆ ಪರಿಹಾರದ ಅಪ್‌ಡೇಟನ್ನು ಮಾರ್ಚಿನಲ್ಲೇ ಕೊಟ್ಟಿದ್ದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯಿಂದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ತೆಗೆಯುತ್ತಾ ಬಂದರು. ರೈತರಿಗೆ ಕೊಡಬೇಕಾದ ಬಾಕಿಯ ಲೆಕ್ಕ ಇರುವ ಡಿಸ್ಕಿಗಾಗಿ ಅದನ್ನು ಮತ್ತೆ ಕರೆತರುವುದೇ?

ಟೆಲಿಫೋನ್ ಕೆಲಸದಲ್ಲಿದ್ದಾಗ ಲೈನ್ ಸತ್ತರೆ ನಾವು ಮೊದಲು ಕೇಳುತ್ತಿದ್ದದ್ದು, ಎಲ್ಲಿಯವರೆಗೆ ಜೀವ ಇದೆ ಅಂತ. ಇಲ್ಲೂ ಹಾಗೇ ನೋಡು. ಗುಮಾಸ್ತರ ಹಳೆಯ ಕಂಪ್ಯೂಟರಿಗೆ ಲೆಕ್ಕ ಸಿಗುತ್ತಿದೆ ಅಂದಮೇಲೆ ಡಿಸ್ಕ್, ರೂಟರ್, ಕರೆಂಟು ಎಲ್ಲ ಸರಿಯಿವೆ. ಸದ್ಯಕ್ಕೆ ಅವುಗಳನ್ನು ಮುಟ್ಟಬೇಡ. ಫಾರ್ಮ್ಯಾಟ್ ಅಂತೂ ಯಾರು ಹೇಳಿದರೂ ಮಾಡಬೇಡ.

ಲ್ಯಾಪ್‌ಟಾಪ್ ಯಾವ ವೈಫೈನಲ್ಲಿದೆ? ಫೈಬರಿನವರ ಡಬ್ಬಕ್ಕೂ ವೈಫೈ ಇದೆ, ನಿಮ್ಮಪ್ಪ ತಂದ ರೂಟರಿಗೂ ಇದೆ. ನನಗೆ ಜಾಸ್ತಿ ಅನುಮಾನ ಇಲ್ಲೇ. ಎರಡರಲ್ಲೂ ಇಂಟರ್ನೆಟ್ ಬರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಒಂದು 192.168.1 ಅಂತಲೂ ಇನ್ನೊಂದು 192.168.0 ಅಂತಲೂ ಶುರುವಾಗುವ ವಿಳಾಸ ಕೊಡುತ್ತಿದ್ದರೆ ಅವು ಬೇರೆ ಬೇರೆ ಜಾಲಗಳು. ಹೊರಗಿನ ಡಬ್ಬಕ್ಕೆ ಅಂಟಿಕೊಂಡಿರುವ ಲ್ಯಾಪ್‌ಟಾಪಿಗೆ ಒಳಗಿನ ರೂಟರಿನ ಡಿಸ್ಕ್ ಸಿಗುವುದಿಲ್ಲ. ಡಿಸ್ಕ್ ಇರುವ ರೂಟರಿನ ವೈಫೈಗೇ ಸೇರಿಸು. ಅದರ ಗೆಸ್ಟ್ ವೈಫೈ ಆಗದು, ಅದರಿಂದ ಡಿಸ್ಕಿಗೆ ದಾರಿ ಮುಚ್ಚಿರುವುದೇ ಹೆಚ್ಚು.

ಆಮೇಲೆ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಬರಲಿ ಅಂತ ಕಾಯಬೇಡ. ಹೆಸರುಗಳನ್ನು ಹಾಗೆ ಪಟ್ಟಿಯಲ್ಲಿ ತೋರಿಸುತ್ತಿದ್ದ ಹಳೆಯ ಏರ್ಪಾಡು ಎಸ್‌ಎಂಬಿ 1ರ ಜೊತೆಗೇ ಹೋಯಿತು. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ರೂಟರಿನ ವಿಳಾಸವನ್ನು \\192.168.0.1 ಅನ್ನುವ ಹಾಗೆ ನೇರವಾಗಿ ಹೊಡೆ. ಎಷ್ಟೋ ಸಲ ಇಷ್ಟಕ್ಕೇ ತೆರೆದುಕೊಳ್ಳುತ್ತದೆ.

ತೆರೆಯದೆ ಹೋದರೆ ಬರುವ ಸಂದೇಶವನ್ನು ನಿಧಾನವಾಗಿ ಓದು. ಗೆಸ್ಟ್ ಪ್ರವೇಶ ಇಲ್ಲ ಅಂದರೆ ದೋಷ ನಿಮ್ಮ ರೂಟರಿನ ಸೆಟ್ಟಿಂಗಿನದು, ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದೀರಿ. ವಿಂಡೋಸ್ 11ರ 24ಎಚ್2 ಆವೃತ್ತಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೂಟರಿನ ಪುಟದಲ್ಲಿ ಯುಎಸ್‌ಬಿ ಹಂಚಿಕೆಗೆ ಬಳಕೆದಾರನ ಹೆಸರು, ಪಾಸ್‌ವರ್ಡ್ ಇಡು. ವಿಂಡೋಸಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಈ ರೂಟರಿನ ಹಳೆಯ ಪಾಸ್‌ವರ್ಡ್ ಏನಾದರೂ ಕೂತಿದ್ದರೆ ಅಳಿಸು.

ಎಸ್‌ಎಂಬಿ 1 ಬೇಕು ಅಂತಲೇ ಸಂದೇಶ ಬಂದರೆ ಮಾತ್ರ ಮಾವನ ಊಹೆ ಸರಿ. ಇಂಥ ರೂಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಶುರುಮಾಡಿದ ಸಾಂಬಾ ಎಂಬ ಉಚಿತ ತಂತ್ರಾಂಶ. 2011ರ 3.6 ಆವೃತ್ತಿಯಿಂದ ಅದು ಎಸ್‌ಎಂಬಿ 2 ಬಲ್ಲದು. ಆದರೂ ಅಗ್ಗದ ರೂಟರುಗಳಲ್ಲಿ ಅದಕ್ಕಿಂತ ಹಳೆಯದೇ ಉಳಿದಿರುವುದುಂಟು. ಡಬ್ಬದ ಮೇಲೆ ಯುಎಸ್‌ಬಿ ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ, ಒಳಗಿನ ತಂತ್ರಾಂಶ ಹಳೆಯದು ಅಂತ ಮಾತ್ರ ಹಾಕುವುದಿಲ್ಲ! ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡು. ಇಲ್ಲವಾದರೂ ಹೊಸ ರೂಟರಿಗೆ ದುಡ್ಡು ಸುರಿಯಬೇಕಾಗಿಲ್ಲ. ಡಿಸ್ಕನ್ನು ಗುಮಾಸ್ತರ ಕಂಪ್ಯೂಟರಿಗೇ ಸಿಕ್ಕಿಸಿ ಅಲ್ಲಿಂದ ಫೋಲ್ಡರ್ ಹಂಚು. ಆ ಕಂಪ್ಯೂಟರ್ ಚಾಲೂ ಇರಬೇಕು ಅನ್ನುವುದೊಂದೇ ಕಷ್ಟ. ಹಾಗೆ ಮಾಡಿದ ದಿನ ಅದರಲ್ಲಿರುವ ಎಸ್‌ಎಂಬಿ 1 ಕೂಡ ಆಫ್ ಮಾಡು.

ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚೆ ಗುಡುಗು ಸಿಡಿಲು ಶುರುವಾದರೆ ಕರೆಂಟು ಹೇಗೆ ಹೋಗಿ ಬರುತ್ತೆ ಅಂತ ನಿನಗೇ ಗೊತ್ತು. ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ನಿಂತರೆ ಫೈಲು ಕೆಡಬಹುದು. ರೂಟರಿಗೊಂದು ಚಿಕ್ಕ ಯುಪಿಎಸ್ ಹಾಕಿಸು, ಲೆಕ್ಕದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಮನೆಯಲ್ಲಿರಲಿ.

ತೆರೆ ಮೇಲೆ ಬರುವ ಸಂದೇಶದ ಫೋಟೋ, ರೂಟರಿನ ತಳದಲ್ಲಿರುವ ಚೀಟಿಯ ಫೋಟೋ ಎರಡೂ ಕಳಿಸು. ಚೀಟಿಯ ಮೇಲಿನ ಪಾಸ್‌ವರ್ಡ್ ಮುಚ್ಚಿ ತೆಗೆ. ಈ ಕಾಗದವನ್ನು ಮಾವನಿಗೆ ತೋರಿಸಬೇಡ. ಬೀಗರ ಕಡೆಯವರು, ಬೇಜಾರು ಮಾಡಿಕೊಂಡಾರು. ಅವರ ಮನೆಯ ಕಂಪ್ಯೂಟರಿನಲ್ಲೂ ಎಸ್‌ಎಂಬಿ 1 ಆನ್ ಮಾಡಿಟ್ಟಿರುತ್ತಾರೆ. ಮುಳಬಾಗಿಲಿಗೆ ಹೋದಾಗ ದೋಸೆ ತಿಂದಾದ ಮೇಲೆ ನಾನೇ ಮಾತು ತೆಗೀತೀನಿ.

ಇಂತಿ ನಿನ್ನ
ತಾತ