ಮೋಟಾರ್ ಸೈಕಲ್ಲಿನ ಬ್ಯಾಟರಿ

ರಾಯಚೂರು ಜಿಲ್ಲೆಯಲ್ಲಿ ಬೇಸಗೆಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮೀರುವುದು ಅಪರೂಪವಲ್ಲ. ವಳಕಮದಿನ್ನಿಯಂಥ ಹಳ್ಳಿಯಲ್ಲಿ, ಅಂಥ ಬಿಸಿಲಿನ ದಿನಗಳಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಮೋಟಾರ್ ಸೈಕಲ್ಲಿನ ಗುಂಡಿಯನ್ನು ಒತ್ತಿದರೆ ‘ಟಕ್’ ಎಂಬ ಸದ್ದಲ್ಲದೆ ಮತ್ತೇನೂ ಕೇಳದಿರಬಹುದು. ನಡುರಾತ್ರಿ ರೋಗಿಯೊಬ್ಬನನ್ನು ಲಿಂಗಸುಗೂರಿಗೋ ಸಿಂಧನೂರಿಗೋ ಒಯ್ಯಬೇಕಾದಾಗ ಹೀಗಾದರೆ ಗತಿಯೇನು? ಹಾಗೆಂದು ಬ್ಯಾಟರಿ ಸತ್ತಿತೆಂದು ತಿಳಿದು ಕೂಡಲೇ ಹೊಸದನ್ನು ಕೊಳ್ಳುವುದೂ ಜಾಣತನವಲ್ಲ. ಮೊದಲು ಅದರ ಒಳಗುಟ್ಟನ್ನು ಅರಿಯೋಣ.

೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ರಚಿಸಿದ ಸೀಸದ ಬ್ಯಾಟರಿಯೇ ಇಂದಿನ ಬಹುತೇಕ ಮೋಟಾರ್ ಸೈಕಲ್ಲುಗಳ ಬ್ಯಾಟರಿಗೆ ಮೂಲ. ೧೨ ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದೂ ಸುಮಾರು ೨.೧ ವೋಲ್ಟ್ ಕೊಡುತ್ತದೆ. ಕೋಶದೊಳಗೆ ಸೀಸದ ಫಲಕಗಳೂ ಸೀಸದ ಡೈಆಕ್ಸೈಡಿನ ಫಲಕಗಳೂ ನೀರು ಬೆರೆಸಿದ ಗಂಧಕಾಮ್ಲದಲ್ಲಿರುತ್ತವೆ. ವಿದ್ಯುತ್ತನ್ನು ಪಡೆದಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಎಂಜಿನ್ ಓಡುವಾಗ ಅದರ ವಿದ್ಯುಜ್ಜನಕವು ಬ್ಯಾಟರಿಗೆ ಪ್ರವಾಹವನ್ನು ಹರಿಸಿ ಈ ಕ್ರಿಯೆಯನ್ನು ಹಿಮ್ಮರಳಿಸುತ್ತದೆ.

ನಿಂತ ವಾಹನದ ಬ್ಯಾಟರಿ ಕೆಡುವುದೇಕೆ? ಕೆಲಸವಿಲ್ಲದಿದ್ದರೂ ಅದರ ವಿದ್ಯುತ್ತು ತಾನಾಗಿಯೇ ಕ್ಷಯಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕ್ಷಯ ತೀವ್ರ. ಬರಿದಾಗಿ ಬಹುಕಾಲ ಉಳಿದರೆ ನವಿರಾದ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಅದು ಸುಲಭವಾಗಿ ಮಾರ್ಪಡುವುದಿಲ್ಲ. ಬ್ಯಾಟರಿಗೆ ದುಡಿಮೆಗಿಂತ ಬರಿದಾಗಿ ಕುಳಿತಿರುವುದೇ ಹೆಚ್ಚು ಹಾನಿಕರ.

ಆದ್ದರಿಂದ ವಾಹನವನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು. ಬಹಳ ದಿನ ನಿಲ್ಲಿಸುವುದಾದರೆ ಋಣಧ್ರುವದ ತಂತಿಯನ್ನು ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಪ್ರವಾಹವು ಸಾಮರ್ಥ್ಯದ ಹತ್ತರಲ್ಲೊಂದು ಪಾಲಿರಲಿ: ೫ ಆಂಪಿಯರ್-ಗಂಟೆಯ ಬ್ಯಾಟರಿಗೆ ಅರ್ಧ ಆಂಪಿಯರ್. ಆಗ ಜಲಜನಕ ಹೊರಡಬಹುದಾದ್ದರಿಂದ ಬೆಂಕಿಯನ್ನು ಹತ್ತಿರ ತರಬಾರದು. ಮುಚ್ಚಳ ತೆರೆಯಬಲ್ಲ ಬ್ಯಾಟರಿಯಲ್ಲಿ ದ್ರವವು ಕೆಳಗೆರೆಗೆ ಇಳಿದಿದ್ದರೆ ಡಿಸ್ಟಿಲ್ಡ್ ನೀರನ್ನು ಮಾತ್ರ ತುಂಬಬೇಕು. ಬಾವಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಆವಿಯಾಗಿ ಹೋದುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ ಆಮ್ಲವನ್ನು ಸೇರಿಸಕೂಡದು. ಪೂರ್ತಿ ಮುಚ್ಚಿದ ಬಗೆಯ ಬ್ಯಾಟರಿಯನ್ನು ತೆರೆಯಲೇಬಾರದು.

ಪೂರ್ಣ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ವೋಲ್ಟ್ ಮೀಟರಿನಿಂದ ಅಳೆದಾಗ ೧೨.೬ ವೋಲ್ಟ್ ಅಥವಾ ಹೆಚ್ಚು ಇದ್ದು, ಗುಂಡಿ ಒತ್ತಿದಾಗಲೂ ೯.೫ರ ಕೆಳಗೆ ಕುಸಿಯದಿದ್ದರೆ ಬ್ಯಾಟರಿ ಸ್ವಸ್ಥವಾಗಿದೆಯೆನ್ನಬಹುದು. ಎಂಜಿನ್ ಸಾಕಷ್ಟು ವೇಗದಲ್ಲಿ ಓಡುವಾಗ ಸುಮಾರು ೧೩.೫ರಿಂದ ೧೪.೫ ವೋಲ್ಟ್ ಕಾಣದಿದ್ದರೆ, ವಾಹನದ ಚಾರ್ಜಿಂಗ್ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಬರಿದಾದೀತು. ಪೂರ್ಣ ಚಾರ್ಜಿನ ನಂತರವೂ ವಿದ್ಯುತ್ತು ನಿಲ್ಲದಿದ್ದರೆ ಮಾತ್ರ ಬದಲಾವಣೆ ಅಗತ್ಯ.

ಹಳೆಯದನ್ನು ತೆಗೆಯುವಾಗ ಋಣಧ್ರುವವನ್ನು ಮೊದಲು ಬಿಚ್ಚಬೇಕು; ಹೊಸದನ್ನು ಕೂಡಿಸುವಾಗ ಅದನ್ನು ಕಡೆಗೆ ಜೋಡಿಸಬೇಕು. ಇಂದಿನ ವಾಹನಗಳ ಚೌಕಟ್ಟು ಋಣಧ್ರುವಕ್ಕೆ ಸೇರಿರುವುದರಿಂದ, ಧನಧ್ರುವದ ಮೇಲಿರುವ ಸ್ಪ್ಯಾನರ್ ಚೌಕಟ್ಟಿಗೆ ತಗಲಿದರೆ ಕಿಡಿ ಹಾರುತ್ತದೆ. ಹೊಸದರ ವೋಲ್ಟೇಜು, ಸಾಮರ್ಥ್ಯ, ಅಳತೆ ಇವು ಹಳೆಯದಕ್ಕೆ ಹೊಂದಬೇಕು.

ಹಳೆಯ ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆಯುವುದಾಗಲಿ ತಿಪ್ಪೆಗೆ ಎಸೆಯುವುದಾಗಲಿ ಕೂಡದು. ಸೀಸವು ಮಕ್ಕಳ ಮಿದುಳಿಗೆ ವಿಷ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಕಸದೊಡನೆ ಬೆರೆಸುವಂತಿಲ್ಲ. ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿದರೆ ಅದರ ಸೀಸ ಕರಗಿ ಮತ್ತೊಂದು ಬ್ಯಾಟರಿಯ ಫಲಕವಾಗುತ್ತದೆ.