ಮಳೆ ನಂಬಿದ ಹೊಲದಲ್ಲಿ ಆದಾಯ ಉಳಿಸುವುದು ಹೇಗೆ?

"ಬೆಳೆ ಬಂತು ಸಿಸ್ಟರ್, ದುಡ್ಡು ಮಾತ್ರ ಉಳೀಲಿಲ್ಲ." ಸಾಲಿಗ್ರಾಮದ ಸುತ್ತಮುತ್ತ ಸಂಘದ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತಿದು. ನಾಲೆ ನೀರಿನ ಗದ್ದೆಯವರ ಕಷ್ಟ ಬೇರೆ, ಒಂದೆರಡು ಎಕರೆ ಮಳೆಯಾಶ್ರಿತ ಹೊಲ ಇರುವವರ ಕಷ್ಟವೇ ಬೇರೆ. ಬೀಜ, ಗೊಬ್ಬರಕ್ಕೆಂದು ಓಲೆ ಅಡವಿಡುತ್ತಾರೆ. ಮಳೆ ಕೈಕೊಟ್ಟರೆ ಬೆಳೆಯೂ ಇಲ್ಲ, ಓಲೆಯೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆ ನಮ್ಮ ಕೈಯಲ್ಲಿಲ್ಲ ನಿಜ. ಆದರೆ ಮೂರು ಕೆಲಸ ನಮ್ಮ ಕೈಯಲ್ಲೇ ಇವೆ.

1. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿಯೋಣ

ಒಂದು ಎಕರೆಗೆ 1 ಸೆಂ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು! ಇಳಿಜಾರು ಹೊಲದಲ್ಲಿ ಅದು ಹರಿದು ಹೋಗುವಾಗ ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬಿತ್ತನೆ ಮಾಡಬೇಕು. ಒಡೆದ ಬದುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಬೇಕು. ಬದುವಿನ ಮೇಲೆ ಗ್ಲಿರಿಸಿಡಿಯಾ ಬೆಳೆಸಿದರೆ ಹೊಲಕ್ಕೆ ಹಸಿರು ಸೊಪ್ಪು ಸಿಗುತ್ತದೆ. ತಿಪ್ಪೆಗೊಬ್ಬರ ಹಾಕಿದ ಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ.

2. ಒಂದೇ ಬೆಳೆಯನ್ನು ನಂಬುವುದು ಬೇಡ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು, ಎಚ್.ಡಿ. ಕೋಟೆಯ ಹತ್ತಿ ದುಡ್ಡಿನ ಬೆಳೆಗಳು ಹೌದು. ಇಡೀ ಹೊಲ ಅದಕ್ಕೇ ಬಿಟ್ಟರೆ ಊಟದ ರಾಗಿಯನ್ನೂ ಅಂಗಡಿಯಿಂದ ತರಬೇಕಾಗುತ್ತದೆ. ನಮ್ಮ ಹಿರಿಯರು ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹುಚ್ಚೆಳ್ಳು, ಹರಳು ಹಾಕುತ್ತಿದ್ದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವೂ ಶಿಫಾರಸು ಮಾಡಿದೆ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ. ಅದರ ಬೇರು ಆಳದ ತೇವ ಹೀರುತ್ತದೆ, ಉದುರಿದ ಎಲೆ ಮಣ್ಣಿಗೆ ಗೊಬ್ಬರವಾಗುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಮುಂಗಾರು ತಡವಾದರೆ ಕಡಿಮೆ ಅವಧಿಯ ರಾಗಿ ತಳಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ತೀರಾ ತಡವಾದರೆ ಹುರುಳಿ ಇದ್ದೇ ಇದೆ.

3. ಲೆಕ್ಕ ಬರೆಯೋಣ

ಒಂದು ಉದಾಹರಣೆ ನೋಡೋಣ. 17,000 ರೂ. ಖರ್ಚು ಮಾಡಿ 20,000 ರೂ.ಗೆ ಮಾರಿದರೆ ಉಳಿಯುವುದು 3,000. 8,000 ಖರ್ಚು ಮಾಡಿ 14,000ಕ್ಕೆ ಮಾರಿದರೆ ಉಳಿಯುವುದು 6,000. ಹೆಚ್ಚು ಮಾರಿದವರೇ ಹೆಚ್ಚು ಗಳಿಸಿದವರಲ್ಲ. ಮನೆಗೆ ಇಟ್ಟುಕೊಂಡ ರಾಗಿ, ಕಾಳು, ಮೇವನ್ನು ಆದಾಯಕ್ಕೆ ಸೇರಿಸಿ. ಸಾಲದ ಬಡ್ಡಿಯನ್ನು ಖರ್ಚಿಗೆ ಸೇರಿಸಿ. ಕಳೆ ಕಿತ್ತ ಹೆಂಗಸರ ಕೂಲಿಯನ್ನೂ ಬರೆಯಲೇಬೇಕು. "ಮನೆಯವರೇ ತಾನೇ ಮಾಡಿದ್ದು" ಎಂದು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ.

ಸಂಘದಲ್ಲಿ ಚರ್ಚಿಸಿ

* ಕಳೆದ ವರ್ಷ ನಮ್ಮ ಹೊಲದ ನೀರು ಎಲ್ಲಿಂದ ಹರಿದು ಹೋಯಿತು?
* ಊಟಕ್ಕೆ ಬೇಕಾದ ಯಾವ ಕಾಳನ್ನು ನಾವೇ ಬೆಳೆಯಬಹುದು?
* ಬಿತ್ತನೆಗೆ ಮಾಡುವ ಸಾಲದಲ್ಲಿ ಯಾವ ಖರ್ಚು ಕಡಿಮೆ ಮಾಡಬಹುದು?

ಎಲ್ಲವನ್ನೂ ಒಂದೇ ಸಲ ಮಾಡಬೇಕಾಗಿಲ್ಲ. ಈ ಮುಂಗಾರಿಗೆ ಹತ್ತು ಗುಂಟೆಯಲ್ಲಿ ಮಾಡಿ ನೋಡಿ. ಸುಗ್ಗಿ ಮುಗಿದ ಮೇಲೆ ಲೆಕ್ಕದ ಪುಸ್ತಕ ಹಿಡಿದು ಸಭೆಗೆ ಬನ್ನಿ. ಒಟ್ಟಿಗೆ ಕೂತು ನೋಡೋಣ.