ಅಕ್ಷರ ಗುಂಡಿನ ಪಾಠ: ಪ್ರಕ್ರಮ ಮತ್ತು ಸಹವಾಸ

ಮನುಷ್ಯನ ಏಳಿಗೆಗೆ ಕಾರಣವೇನು ಎಂದು ಕೇಳಿದರೆ ಕೆಲವರು ದೈವವೆನ್ನುತ್ತಾರೆ; ಕೆಲವರು ಹಣವೆನ್ನುತ್ತಾರೆ; ಹಣವೂ ಇಲ್ಲದೆ ದೈವದ ಮೇಲೆ ಭರವಸೆಯೂ ಇಲ್ಲದವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ನಾನು ಮೂರನೆಯ ಗುಂಪಿಗೆ ಸೇರಿದವನಾಗಿದ್ದೆ. ಎರಡು ವರ್ಷಗಳ ಹಿಂದೆ ಒಂದು ಬಂಡೆಯ ಮುಂದೆ ನಿಂತು ಕೇಳಿದ ಪಾಠವು ನನ್ನ ಅಭಿಪ್ರಾಯವನ್ನು ಬದಲಾಯಿಸಿತು. ಆ ಪಾಠವನ್ನು ನನ್ನ ಸಹಪಾಠಿಗಳ ಮುಂದೆ, ಅದರಲ್ಲಿಯೂ ಈ ವರ್ಷ ಹೊಸದಾಗಿ ಕಾಲೇಜಿಗೆ ಬಂದ ಕಿರಿಯ ಮಿತ್ರರ ಮುಂದೆ, ಇಡಬೇಕೆಂಬುದೇ ಈ ಲೇಖನದ ಉದ್ದೇಶ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಆ ಬಂಡೆಯಿರುವುದು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಯಲ್ಲಿ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಪತ್ತೆಹಚ್ಚಿದರು. ಅದೇ ಸುತ್ತಿನಲ್ಲಿ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿಯೂ ಅದೇ ಶಾಸನದ ಪಾಠಗಳು ದೊರೆತುವು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಅವರು ೧೮೩೭ರಲ್ಲಿಯೇ ಓದಿ ತೋರಿಸಿದ್ದರು. ಆದರೆ ಕ್ರಿ. ಪೂ. ಮೂರನೆಯ ಶತಮಾನದ ಈ ಮಾತುಗಳು ನಮ್ಮ ನೆಲದಲ್ಲಿ ಇವೆಯೆಂಬುದು ಅಲ್ಲಿಯವರೆಗೆ ವಿದ್ವಾಂಸರಿಗೆ ತಿಳಿದಿರಲಿಲ್ಲ. ಊರಿನವರಿಗೆ ಮಾತ್ರ ಬಂಡೆ ಗೊತ್ತಿತ್ತು. ಅವರು ಅದನ್ನು 'ಅಕ್ಷರ ಗುಂಡು' ಎಂದು ಕರೆಯುತ್ತಿದ್ದರು. ಓದಲು ಬಾರದ ಜನ ಅಕ್ಷರಕ್ಕೆ ಗೌರವ ಕೊಟ್ಟು ಇಟ್ಟ ಹೆಸರು ಅದು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಇಲ್ಲಿ ಉತ್ಖನನ ನಡೆಸಿದ ಮೇಲೆ ಬ್ರಹ್ಮಗಿರಿಯ ಹೆಸರು ಚರಿತ್ರೆಯ ಪುಸ್ತಕಗಳಲ್ಲೆಲ್ಲ ಬಂದಿತು.

ನಾನು ಅದೇ ತಾಲ್ಲೂಕಿನವನು. ನಮ್ಮದು ನೇಯ್ಗೆಯ ಮನೆ. ಪದವಿ ತರಗತಿಯ ಮೆಟ್ಟಿಲು ಹತ್ತಿದವರು ನಮ್ಮ ಮನೆತನದಲ್ಲಿ ಹಿಂದೆ ಯಾರೂ ಇಲ್ಲ. ಅಕ್ಷರ ಗುಂಡಿನ ಹೆಸರನ್ನು ಬಾಲ್ಯದಿಂದ ಕೇಳಿದ್ದೆನಾದರೂ ಅದರ ಮೇಲೆ ಏನು ಬರೆದಿದೆ ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ಕಾಲೇಜಿಗೆ ಸೇರಿದ ಮೊದಲನೆಯ ವರ್ಷದಲ್ಲಿ ನನ್ನ ಸ್ವಭಾವವೇ ಹಾಗಿತ್ತು. ಬೆಳಗಿನ ಬಸ್ಸಿನಲ್ಲಿ ಚಳ್ಳಕೆರೆಗೆ ಬರುವುದು, ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ನಾಲ್ಕು ಜನ ಗೆಳೆಯರೊಂದಿಗೆ ಕುಳಿತು ಮೊಬೈಲಿನಲ್ಲಿ ಆಟ ನೋಡುವುದು, ಮಧ್ಯಾಹ್ನದ ಹಾಜರಿಗೆ ಒಮ್ಮೆ ತಲೆ ತೋರಿಸುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು. ಅವರಲ್ಲಿ ಒಬ್ಬನು ನನ್ನ ಬಾಲ್ಯದ ಗೆಳೆಯ, ಒಂದೇ ಬೀದಿಯವನು. ನಾವು ಯಾರಿಗೂ ಕೇಡು ಮಾಡಲಿಲ್ಲ. ಏನನ್ನೂ ಮಾಡಲಿಲ್ಲ, ಅಷ್ಟೇ. ವರ್ಷದ ಕೊನೆಗೆ ನಾನು ಎರಡು ವಿಷಯಗಳಲ್ಲಿ ಅನುತ್ತೀರ್ಣನಾದೆ. ಮನೆಯಲ್ಲಿ ಫಲಿತಾಂಶ ಬಂದಿಲ್ಲವೆಂದು ಹೇಳಿದೆ. ನನ್ನ ತಾಯಿ ಅದನ್ನು ನಂಬಿದರು. ಅವರಿಗೆ ಓದಲು ಬಾರದು. ನಂಬದೆ ಬೇರೆ ದಾರಿಯಿರಲಿಲ್ಲ. ಆ ಸುಳ್ಳು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಎರಡನೆಯ ವರ್ಷ ಇತಿಹಾಸ ವಿಭಾಗದವರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ನಾನು ಹೊರಟಿದ್ದು ಪ್ರವಾಸದ ಆಸೆಯಿಂದ. ಅಧ್ಯಾಪಕರು ಶಾಸನದ ಅರ್ಥವನ್ನು ಸಾಲುಸಾಲಾಗಿ ತಿಳಿಸಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಕಳುಹಿಸಿದ ಆಜ್ಞೆ ಇದು ಎಂದರು. ಅನಂತರ ರಾಜನ ಮಾತು ಬಂದಿತು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದು ರಾಜನು ಹೇಳುತ್ತಾನೆ. ಆದರೆ ಒಂದು ವರ್ಷ ಕಾಲ ತಾನು ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲವೆಂದು ಆ ಕೂಡಲೆ ಒಪ್ಪಿಕೊಳ್ಳುತ್ತಾನೆ. ಸಂಘದ ಸಮೀಪಕ್ಕೆ ಹೋಗಿ ಒಂದು ವರ್ಷಕ್ಕೂ ಮೇಲಾಯಿತು, ಅಂದಿನಿಂದ ಬಲವಾಗಿ ಪ್ರಯತ್ನಿಸುತ್ತಿದ್ದೇನೆ ಎನ್ನುತ್ತಾನೆ. ಈ ಫಲವು ದೊಡ್ಡವರಿಗೆ ಮಾತ್ರ ಸಿಕ್ಕುವುದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು ಎಂಬುದು ಮುಂದಿನ ಮಾತು. ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ, ಈ ಪ್ರಯತ್ನ ಬಹುಕಾಲ ಉಳಿಯಲಿ ಎಂದು ಹಾರೈಸುತ್ತಾನೆ.

ಒಂದು ವರ್ಷ ಪ್ರಯತ್ನ ಮಾಡಲಿಲ್ಲ! ಕಳಿಂಗವನ್ನು ಗೆದ್ದ ಚಕ್ರವರ್ತಿ ತನ್ನ ಆಲಸ್ಯವನ್ನು ಬಂಡೆಯ ಮೇಲೆ ಕೆತ್ತಿಸಿ ದೇಶಕ್ಕೆಲ್ಲ ಸಾರಿದ್ದಾನೆ. ನಾನಾದರೋ ಎರಡು ವಿಷಯಗಳ ಸೋಲನ್ನು ಹೆತ್ತ ತಾಯಿಯಿಂದ ಮುಚ್ಚಿಟ್ಟಿದ್ದೆ. ಅಂದು ಸಂಜೆ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆ. ತಾಯಿ ಬಯ್ಯಲಿಲ್ಲ. "ಇನ್ನು ಏನು ಮಾಡ್ತೀಯ?" ಎಂದು ಮಾತ್ರ ಕೇಳಿದರು.

ಈಗ ಶಾಸನದ ಒಂದು ಪದವನ್ನು ಕುರಿತು ಯೋಚಿಸೋಣ. 'ಪ್ರಯತ್ನ' ಎಂದು ನಾನು ಮೇಲೆ ಬರೆದ ಕಡೆಯಲ್ಲೆಲ್ಲ ಶಾಸನದ ಪ್ರಾಕೃತದಲ್ಲಿರುವುದು 'ಪ್ರಕ್ರಮ'ಕ್ಕೆ ಸಂಬಂಧಿಸಿದ ರೂಪಗಳು. 'ಕ್ರಮ್' ಎಂಬ ಧಾತುವಿಗೆ ಹೆಜ್ಜೆಯಿಡು ಎಂದರ್ಥ. 'ಪ್ರ' ಸೇರಿದರೆ ಮುಂದಕ್ಕೆ ಹೆಜ್ಜೆಯಿಡು ಎಂದಾಗುತ್ತದೆ. ನಮ್ಮ 'ಪರಾಕ್ರಮ'ವೂ ಅದೇ ಧಾತುವಿನಿಂದ ಬಂದುದೇ. ನಾವು ಅದನ್ನು ಯುದ್ಧಭೂಮಿಗೆ ಮೀಸಲಿಟ್ಟಿದ್ದೇವೆ. ಅಶೋಕನು ಯುದ್ಧವನ್ನು ಬಿಟ್ಟ ಮೇಲೆ ಅದೇ ಕುಲದ ಪದವನ್ನು ಸ್ವಂತ ಬಾಳನ್ನು ತಿದ್ದಿಕೊಳ್ಳುವ ಕೆಲಸಕ್ಕೆ ಬಳಸಿದನು. ಆದುದರಿಂದ ಪ್ರಕ್ರಮವೆಂದರೆ ಆಸೆಯಲ್ಲ, ಸಂಕಲ್ಪವೂ ಅಲ್ಲ; ಯಾರೂ ಕರೆಯದಿದ್ದರೂ ತಾನಾಗಿ ಇಡುವ ಮೊದಲ ಹೆಜ್ಜೆ. ನಮ್ಮ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಮನೆಮನೆಯೂ ಹೇಳುವ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತಿನಲ್ಲಿಯೂ ಇದೇ ನ್ಯಾಯವಿದೆ. ಮಾಡಿದಷ್ಟಕ್ಕೇ ಫಲ, ಮಾಡದುದಕ್ಕೆ ಬೇಡಿದರೂ ಇಲ್ಲ.

ಹಾಗಾದರೆ ಪ್ರಕ್ರಮವೊಂದೇ ಸಾಲದೆ? ಸಹವಾಸವೇಕೆ ಬೇಕು? ಇಲ್ಲಿ ಶಾಸನದ ಮಾತುಗಳ ಅನುಕ್ರಮವನ್ನು ಗಮನಿಸಬೇಕು. ಅಶೋಕನು ಉಪಾಸಕನಾದ ಕೂಡಲೆ ಬದಲಾಗಲಿಲ್ಲ. ಒಳ್ಳೆಯವನಾಗಬೇಕೆಂಬ ಮನಸ್ಸು ಮಾತ್ರವಿದ್ದ ಆ ವರ್ಷ ವ್ಯರ್ಥವಾಗಿಯೇ ಕಳೆಯಿತು. ಸಂಘದ ಬಳಿಗೆ ಹೋದ ಮೇಲೆ ಪ್ರಯತ್ನಕ್ಕೆ ಬಲ ಬಂದಿತು. ಸಂಘವೇ ಅವನ ಬಳಿಗೆ ಬಂದಿತೆಂದು ಶಾಸನ ಹೇಳುವುದಿಲ್ಲ, ಹೋದವನು ಅವನು. ಒಳ್ಳೆಯ ಸಹವಾಸವನ್ನು ಹುಡುಕಿಕೊಂಡು ಹೋಗುವುದೇ ಮೊದಲ ಪ್ರಕ್ರಮ. ಆ ಸಹವಾಸವು ಮುಂದಿನ ಹೆಜ್ಜೆಗಳಿಗೆ ಶಕ್ತಿ ಕೊಡುತ್ತದೆ.

ಇದನ್ನು ನಮ್ಮ ಮನೆಯ ಗುಂಡಿ ಮಗ್ಗದಿಂದಲೇ ನಾನು ಅರಿಯಬೇಕಾಗಿತ್ತು. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಮೊಳಕಾಲ್ಮೂರು ಸೀರೆಯನ್ನು ತಾವೆಲ್ಲರೂ ಬಲ್ಲಿರಿ. ಸೀರೆಯ ಮೈ ಒಂದು ಬಣ್ಣ, ಅಂಚು ಮತ್ತೊಂದು ಬಣ್ಣ ಆಗಬೇಕಾದರೆ ಒಂದೇ ಲಾಳಿಯಿಂದ ಆಗದು. ನೇಯುವವರು ಕಾಲಿನಿಂದ ಮೆಟ್ಟು ತುಳಿದು ಲಾಳಿ ಓಡಿಸುತ್ತಿರುವಾಗ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಅಂಚಿನ ಲಾಳಿಯನ್ನು ಸರಿಯಾದ ಗಳಿಗೆಗೆ ಕೊಡಬೇಕು. ರಜೆಯ ದಿನಗಳಲ್ಲಿ ನಾನು ನನ್ನ ತಂದೆಯ ಪಕ್ಕದಲ್ಲಿ ಹಾಗೆ ಕುಳಿತವನು. ನನ್ನ ಗಮನ ತಪ್ಪಿದರೆ ಅಂಚು ಮೈಗೆ ಕೂಡುತ್ತಿರಲಿಲ್ಲ. ತಂದೆ ಬಿಚ್ಚಿ ಮತ್ತೆ ನೇಯಬೇಕಾಗುತ್ತಿತ್ತು. ಮೆಟ್ಟು ತುಳಿಯುವ ಕಾಲು ನಮ್ಮದೇ ಆಗಬೇಕು. ಆದರೆ ಪಕ್ಕದಲ್ಲಿ ಕುಳಿತವನ ಗುಣವೂ ಸೀರೆಯಲ್ಲಿ ಕಾಣುತ್ತದೆ.

ನನ್ನ ಮೊದಲ ಹೆಜ್ಜೆ ಬಹಳ ಚಿಕ್ಕದು. ನಮ್ಮ ಕಾಲೇಜಿನ ಗ್ರಂಥಾಲಯದ ಜಗಲಿಯಲ್ಲಿ ಪ್ರತಿ ಮಧ್ಯಾಹ್ನ ಮೂವರು ಸಹಪಾಠಿಗಳು ಕುಳಿತು ಓದುತ್ತಿದ್ದರು. ಒಬ್ಬನು ಕುರಿ ಸಾಕುವ ಮನೆಯವನು, ಒಬ್ಬಳು ಎಣ್ಣೆಗಿರಣಿಯಲ್ಲಿ ದುಡಿಯುವವರ ಮಗಳು, ಇನ್ನೊಬ್ಬನು ಶೇಂಗಾ ಬೆಳೆಯುವ ರೈತನ ಮಗ. ಒಬ್ಬರು ಒಂದು ಅಧ್ಯಾಯ ಓದಿಕೊಂಡು ಬಂದು ಉಳಿದವರಿಗೆ ವಿವರಿಸುವುದು ಅವರ ನಿಯಮ. ನಾನು ಹೋಗಿ ಸೇರಿಕೊಳ್ಳಲೇ ಎಂದು ಕೇಳಿದೆ. ಅವರು ಸ್ವಾಗತ ಭಾಷಣವನ್ನೇನೂ ಮಾಡಲಿಲ್ಲ. "ನಾಳೆ ಅರ್ಥಶಾಸ್ತ್ರದ ಎರಡನೆಯ ಅಧ್ಯಾಯ ನೀನು ಹೇಳು" ಎಂದರು. ಆ ರಾತ್ರಿ ನಾನು ಓದಿದಷ್ಟನ್ನು ಹಿಂದಿನ ಇಡೀ ವರ್ಷದಲ್ಲಿ ಓದಿರಲಿಲ್ಲ. ಹೋಟೆಲಿನ ಗೆಳೆತನವು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ಈ ಗೆಳೆತನ ಮೊದಲ ದಿನವೇ ನನ್ನಿಂದ ಒಂದು ಅಧ್ಯಾಯವನ್ನು ಕೇಳಿತು. ಉಳಿದ ಎರಡು ವಿಷಯಗಳನ್ನು ಮುಂದಿನ ಪರೀಕ್ಷೆಯಲ್ಲಿ ಮುಗಿಸಿದೆ.

ಸಹವಾಸವೆಂದರೆ ಸಮವಯಸ್ಕರದೇ ಆಗಬೇಕೆಂದಿಲ್ಲ. ನಮ್ಮ ಬಸ್ಸು ದಿನವೂ ತಳುಕನ್ನು ಹಾದು ಬರುತ್ತದೆ. ಕನ್ನಡ ಪ್ರಾಧ್ಯಾಪಕರಾಗಿ ಮೈಸೂರಿನಲ್ಲಿ ಹೆಸರಾಂತ ಟಿ. ಎಸ್. ವೆಂಕಣ್ಣಯ್ಯನವರ (೧೮೮೫–೧೯೩೯) ಊರು ಅದು; ಕಾದಂಬರಿಕಾರ ತ. ರಾ. ಸು. ಅವರೂ ಅದೇ ಮನೆತನದವರು. ವೆಂಕಣ್ಣಯ್ಯನವರು ಬರೆದ ಗ್ರಂಥಗಳಿಗಿಂತ ಬೆಳೆಸಿದ ಶಿಷ್ಯರಿಂದಲೇ ಹೆಚ್ಚು ನೆನಪಿನಲ್ಲಿ ಉಳಿದಿದ್ದಾರೆ. ಅವರನ್ನೂ ಎ. ಆರ್. ಕೃಷ್ಣಶಾಸ್ತ್ರಿಗಳನ್ನೂ ಕನ್ನಡದ ಅಶ್ವಿನೀ ದೇವತೆಗಳೆಂದು ಕರೆದರು; ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರ ಹೆಸರು ಬರುವಂತಹ ಸ್ನೇಹ ಅದು. ಅವರ ಶಿಷ್ಯರಾದ ಕುವೆಂಪು ಅವರು, ಮುಂದೆ ೧೯೬೭ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಆ ಹೊತ್ತಿಗೆ ಗುರುಗಳು ತೀರಿಕೊಂಡು ವರ್ಷಗಳೇ ಕಳೆದಿದ್ದುವು. ಬರಗಾಲದ ನಾಡಿನ ಒಂದು ಸಣ್ಣ ಊರಿನಿಂದ ಹೋದವರ ಒಳ್ಳೆಯ ಸಹವಾಸ ಎಷ್ಟು ದೂರ ಫಲ ಕೊಟ್ಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಧ್ಯಾಪಕರ ಕೊಠಡಿಯ ಬಾಗಿಲಿನಲ್ಲಿ ಅಳುಕುತ್ತ ನಿಲ್ಲುವ ನನ್ನಂಥವರು ಇದನ್ನು ನೆನೆಯಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ಬ್ರಹ್ಮಗಿರಿಯ ಶಾಸನದ ಕೊನೆಯ ಭಾಗವೂ ಹೇಳುತ್ತದೆ.

ಒಳ್ಳೆಯ ಸಹವಾಸವನ್ನು ಗುರುತಿಸುವುದು ಹೇಗೆ? ನನ್ನ ಅನುಭವದಿಂದ ಮೂರು ಪರೀಕ್ಷೆಗಳನ್ನು ಹೇಳಬಲ್ಲೆ. ಮೊದಲನೆಯದಾಗಿ, ಅವರೊಂದಿಗೆ ಕಳೆದ ದಿನದ ಲೆಕ್ಕವನ್ನು ಸಂಜೆ ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಬಲ್ಲೆವೆ? ಸತ್ಯವನ್ನು ನುಡಿಯಬೇಕೆಂಬುದೂ ಅದೇ ಶಾಸನದ ಮಾತು. ಎರಡನೆಯದಾಗಿ, ನಮ್ಮ ತಪ್ಪನ್ನು ಅವರು ನಮ್ಮೆದುರಿಗೆ ಹೇಳಿ, ಹಿಂದೆ ಮುಚ್ಚುತ್ತಾರೆಯೇ? ಮೂರನೆಯದಾಗಿ, ನಾವು ಒಂದು ಹೆಜ್ಜೆ ಮುಂದೆ ಹೋದಾಗ ಅವರಿಗೆ ಸಂತೋಷವಾಗುತ್ತದೆಯೇ? ಇವುಗಳಿಂದ ಇತರರನ್ನು ಅಳೆಯುವ ಮೊದಲು ನಾವು ಇತರರಿಗೆ ಎಂಥ ಸಹವಾಸವೆಂದು ಅಳೆದುಕೊಳ್ಳುವುದು ಒಳ್ಳೆಯದು.

ಇದನ್ನು ಬರೆಯಲು ಕಾರಣವುಂಟು. ಹೋಟೆಲಿನ ಮೇಜನ್ನು ಬಿಟ್ಟ ದಿನ ನಾನು ಬಾಲ್ಯದ ಗೆಳೆಯನನ್ನೂ ಬಿಟ್ಟೆ. ಅವನಿಗೆ ಒಂದು ಮಾತನ್ನೂ ಹೇಳಲಿಲ್ಲ. ಬಸ್ಸಿನಲ್ಲಿ ಬೇರೆ ಆಸನದಲ್ಲಿ ಕೂರತೊಡಗಿದೆ. 'ದುಸ್ಸಂಗ'ವನ್ನು ತ್ಯಜಿಸಿದೆನೆಂದು ಒಳಗೊಳಗೇ ಹೆಮ್ಮೆಪಟ್ಟೆ. ಆ ವರ್ಷವೇ ಅವನು ಓದು ನಿಲ್ಲಿಸಿ ಬಳ್ಳಾರಿಯ ಕಡೆಗೆ ಕೂಲಿಗೆ ಹೋದನು. ಕಳೆದ ಯುಗಾದಿಗೆ ಊರಿಗೆ ಬಂದಿದ್ದಾಗ ಸಿಕ್ಕಿದನು. ಅವನು ಜಗಳವಾಡಲಿಲ್ಲ. "ನೀನು ಓದಾಕೆ ಹೋದೆ, ಸರಿ. ನನ್ನ ಒಂದು ಮಾತು ಕರೀಬಾರದಿತ್ತಾ?" ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೆಟ್ಟವನಾಗಿರಲಿಲ್ಲ, ಅವನನ್ನು ಯಾರೂ ಜಗಲಿಗೆ ಕರೆದಿರಲಿಲ್ಲ, ಅಷ್ಟೇ. ನಾನೂ ಅವನಿಗೆ ಒಂದು ವರ್ಷ ದುಸ್ಸಂಗವೇ ಆಗಿದ್ದೆನಲ್ಲವೆ? ಆಗ ಶಾಸನದ ಕೊನೆಯ ಹಾರೈಕೆಯ ಅರ್ಥ ನನಗೆ ಆಯಿತು. ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ತಿಳಿಯಲಿ ಎಂದು ರಾಜನು ಹೇಳಿದ. ತನಗೆ ದಾರಿ ಸಿಕ್ಕಿತೆಂದು ಸುಮ್ಮನಿದ್ದಿದ್ದರೆ ಈ ಬಂಡೆಯ ಮೇಲೆ ಅಕ್ಷರವೇ ಇರುತ್ತಿರಲಿಲ್ಲ. ಸಹವಾಸವನ್ನು ಆರಿಸಿಕೊಳ್ಳುವುದೆಂದರೆ ಜನರನ್ನು ಬಿಸಾಡುವುದಲ್ಲ. ಕೂರುವ ಜಾಗವನ್ನು ಬದಲಾಯಿಸಿ ಅಲ್ಲಿಂದ ಕರೆಯುವುದು. ಕರೆದ ಮೇಲೆಯೂ ಬಾರದವರಿದ್ದರೆ ಅದು ಬೇರೆ ಮಾತು. ನಾನು ಕರೆಯಲೇ ಇಲ್ಲ.

ಯುಗಾದಿಯ ಮೇಲೆ ನಾವಿಬ್ಬರೂ ಕುಳಿತು ಅವನ ಉಳಿದ ಪರೀಕ್ಷೆಗಳ ಅರ್ಜಿಯನ್ನು ತುಂಬಿದೆವು. ಭಾನುವಾರಗಳಲ್ಲಿ ಅವನು ಫೋನು ಮಾಡುತ್ತಾನೆ. ನಾನು ಒಂದು ಅಧ್ಯಾಯ ವಿವರಿಸುತ್ತೇನೆ, ಮುಂದಿನ ಭಾನುವಾರ ಅವನು ಅದನ್ನು ನನಗೆ ಒಪ್ಪಿಸಬೇಕು. ಕೆಲಸದ ಆಯಾಸದಿಂದ ಕೆಲವು ಭಾನುವಾರ ಫೋನು ಬರುವುದಿಲ್ಲ. ಆಗ ನಾನೇ ಮಾಡುತ್ತೇನೆ. ಅವನು ತೇರ್ಗಡೆಯಾಗುವನೋ ಇಲ್ಲವೋ ನಾನರಿಯೆ.

ಕಿರಿಯ ಮಿತ್ರರೇ, ಮೊದಲ ವರ್ಷ ವ್ಯರ್ಥವಾಗಿದ್ದರೆ ಎದೆಗುಂದಬೇಡಿ; ಚಕ್ರವರ್ತಿಯದೂ ಒಂದು ವರ್ಷ ಹಾಗೆಯೇ ಹೋಗಿತ್ತು. ನಾಳೆ ಮಧ್ಯಾಹ್ನ ಗ್ರಂಥಾಲಯದ ಜಗಲಿಗೆ ಬನ್ನಿ. ನಾವು ಮೂರು ತಿಂಗಳಲ್ಲಿ ಕಾಲೇಜು ಬಿಟ್ಟು ಹೋಗುವವರು. ಆ ಜಾಗ ತೆರವಾಗುತ್ತದೆ. ಬರುವಾಗ ಒಂದು ಅಧ್ಯಾಯ ಓದಿಕೊಂಡು ಬನ್ನಿ. ಸಾಧ್ಯವಾದರೆ ಹೋಟೆಲಿನಲ್ಲಿ ಕುಳಿತಿರುವ ಒಬ್ಬ ಗೆಳೆಯನನ್ನೂ ಕರೆದುಕೊಂಡು ಬನ್ನಿ.